ಬೀದಿಯನ್ನು ಗೋಡೆಗೆ ತಂದವನು

ಮುದ್ರಣಾಲಯದಲ್ಲಿ ಎಲ್ಲರೂ ಅವನನ್ನು ಕತ್ತಲೆರಾಯ ಅನ್ನುತ್ತಿದ್ದರು. ಬೆಳಿಗ್ಗೆ ಬಂದು ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡನೆಂದರೆ ಮತ್ತೆ ಅವನ ಮುಖ ಕಾಣುತ್ತಿದ್ದದ್ದು ಊಟದ ಹೊತ್ತಿಗೆ. ಪುಸ್ತಕಕ್ಕೆ ಹೋಗುವ ಚಿತ್ರ, ಭೂಪಟ, ಔಷಧಿ ಬಾಟಲಿಯ ಚೀಟಿ, ಹೀಗೆ ಏನು ಬಂದರೂ ಮಂಚದಷ್ಟು ಉದ್ದದ ಕ್ಯಾಮೆರಾದಲ್ಲಿ ತೆಗೆದು ದೊಡ್ಡ ಫಿಲ್ಮು ಮಾಡಿಕೊಡುವುದು ಅವನ ಕೆಲಸ. ಹೊರಗೆ ಬಂದಾಗ ಬೆಳಕು ತಡೆಯಲಾರದೆ ಕಣ್ಣು ಪಿಳಿಪಿಳಿ ಮಾಡುತ್ತ ನಿಲ್ಲುತ್ತಿದ್ದ. ಬೈಂಡಿಂಗ್ ಮಾಡುವ ಹೆಂಗಸರು, "ಓಹೋ, ಗೂಬೆಗೆ ಬೆಳಗಾಯ್ತು" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಡುವ ಮಾತು ಕಡಿಮೆ. ಆದರೆ ಕೆಲಸದ ವಿಷಯದಲ್ಲಿ ಅವನ ಬಾಯಿಂದ ಬಂದದ್ದನ್ನು ಮಾಲೀಕರೂ ಎರಡನೇ ಸಲ ಕೇಳುತ್ತಿರಲಿಲ್ಲ. ಅಕ್ಷರ ಮಸುಕಾಗಿದ್ದರೆ ಮಸುಕಾಗಿದೆ ಅನ್ನುತ್ತಿದ್ದ. ತಾನೇ ಕೆಡಿಸಿದ್ದರೆ ತಾನೇ ಕೆಡಿಸಿದೆ ಅನ್ನುತ್ತಿದ್ದ.

ಹೆಂಡತಿ ಪೂರಾ ಉಲ್ಟಾ. ಸಂತೆಬೀದಿಯ ಕೊನೆಯಲ್ಲಿ, ರಸ್ತೆ ತಿರುಗುವ ಕಡೆ, ಒಂದೇ ಬಾಗಿಲಿನ ಹೊಲಿಗೆ ಅಂಗಡಿ ಅವಳದು. ಬೀದಿಗೆಲ್ಲ ಅವಳು ಟೈಲರಮ್ಮ. ಯಾರ ಮನೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಯಾರ ಸೊಂಟ ಎಷ್ಟು ಇಂಚು ಏರಿತು, ಎಲ್ಲ ಅವಳಿಗೆ ಗೊತ್ತು. "ಟೇಪು ಹಿಡಿದು ಕೈ ಎತ್ತಿ ಅಂದ್ರೆ ಸಾಕು, ಜನ ಕೇಳಿದ್ದಕ್ಕೆಲ್ಲ ನಿಜ ಹೇಳಿಬಿಡ್ತಾರೆ" ಅನ್ನುತ್ತಿದ್ದಳು. ಮಕ್ಕಳಾಗಲಿಲ್ಲ. ಮೊದಮೊದಲು ಮನೆಯಲ್ಲಿ ಆ ಮಾತು ಬರುತ್ತಿತ್ತು, ಆಮೇಲೆ ಬರುವುದು ನಿಂತಿತು. ಅವಳು ಸಂಜೆ ಅಂಗಡಿ ಮುಚ್ಚಿ ಬಂದು ಬೀದಿಯ ಸುದ್ದಿಯನ್ನೆಲ್ಲ ಬಡಿಸುತ್ತಿದ್ದಳು, ಅವನು ಕೇಳಿಕೊಂಡು ಉಣ್ಣುತ್ತಿದ್ದ. ಹಾಗೆಯೇ ಇಬ್ಬರ ತಲೆಯೂ ನೆರೆಯಿತು.

ಒಂದು ದಿನ ಮನೆಯಲ್ಲಿದ್ದ ಹಳೆಯ ಹೊಲಿಗೆ ಮಿಷನ್ ತುಳಿಯುತ್ತಿದ್ದಾಗ ಅವಳ ಬಲಗಾಲು ಜೋಮು ಹಿಡಿಯಿತು. ಬಿಡುತ್ತದೆ ಅಂದುಕೊಂಡಳು. ಬಿಡಲಿಲ್ಲ. ಎಡಗಾಲಿಗೂ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, ಬೆನ್ನುಹುರಿಯ ಒಳಗೆ ಗಂಟು ಬೆಳೆದಿದೆ, ತೆಗೆಯುವ ಜಾಗದಲ್ಲಿಲ್ಲ, ಕಾಲು ಇನ್ನು ವಾಪಸು ಬರುವುದಿಲ್ಲ, ಬರಬರುತ್ತ ಮೇಲಕ್ಕೂ ಏರುತ್ತದೆ ಎಂದರು. ಅವನು ತಲೆಯಾಡಿಸಿದ. ಒಳಗೆ ಹೋದಾಗ ಅವಳು ದಿಂಬಿನಿಂದ ತಲೆಯೆತ್ತಿ, "ಏನಂತೆ?" ಎಂದಳು. ಅವನ ಬಾಯಿಂದ ತಾನಾಗಿಯೇ ಬಂತು:

"ನರ ಒತ್ತಿಕೊಂಡಿದೆಯಂತೆ. ಮಲಗಿಕೊಂಡಿದ್ರೆ ಸರಿಹೋಗುತ್ತಂತೆ. ಆದರೆ ಟೈಮ್ ಹಿಡಿಯುತ್ತೆ."

"ಅಷ್ಟೇ ತಾನೆ? ನಿಮ್ಮ ಮುಖ ನೋಡಿ ನಾನು ಹೋದೆ ಅಂದ್ಕೊಂಡೆ."

ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಒಂದು ಹೇಳಿದ ಮೇಲೆ ಅದಕ್ಕೆ ಒತ್ತಾಸೆಯಾಗಿ ಇನ್ನೊಂದು ಬೇಕಾಯಿತು. ಅಂಗಡಿಯ ಮಾಲೀಕ ಜಾಗ ಬೇಕೆಂದ. ಬೀಗ ಹಾಕಿದ ಅಂಗಡಿಗೆ ಬಾಡಿಗೆ ಕಟ್ಟುತ್ತ ಹೋಗುವ ಶಕ್ತಿ ಅವನಿಗಿರಲಿಲ್ಲ. ಅವಳನ್ನು ಮನೆಗೆ ಕರೆತಂದ ತಿಂಗಳಲ್ಲೇ ಅಂಗಡಿ ಖಾಲಿ ಮಾಡಿದ. ಅಲ್ಲಿದ್ದ ಮೋಟರ್ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಕನ್ನಡಿ, ಎಲ್ಲ ಯಾರ್ಯಾರಿಗೋ ಹೋದವು. ಬೀದಿಯವರು ನೋಡಲು ಬಂದರೆ, ಮಾತಾಡಿಸಬಾರದು ಅಂದಿದ್ದಾರೆ ಡಾಕ್ಟರು ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದ. ಮನೆಯೊಳಗೆ ಇದು ಗೊತ್ತಿದ್ದದ್ದು ನಾದಿನಿಗೆ ಮಾತ್ರ. ಹೆಂಡತಿಯ ತಂಗಿ, ದಿನ ಬಿಟ್ಟು ದಿನ ಬಂದು ಅಕ್ಕನಿಗೆ ಮೈ ಒರೆಸಿ, ತಲೆ ಬಾಚಿ ಹೋಗುತ್ತಿದ್ದಳು. "ಹೇಳೋದು ಬೇಡ ಭಾವ. ಎದ್ದು ಅಂಗಡಿಗೆ ಹೋಗ್ತೀನಿ ಅನ್ನೋ ಒಂದು ಮಾತಿನ ಮೇಲೇ ಅಕ್ಕ ಊಟ ಮಾಡ್ತಿರೋದು" ಎಂದಿದ್ದಳು.

ಮನೆಯಲ್ಲಿ ಉದ್ದವಾದ ಕೋಣೆ ಒಂದೇ, ಹಿಂದಿನದು. ಅಲ್ಲಿ ಮಂಚ ಹಾಕಿದ್ದರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಕಾಲ ಕಡೆಗೆ ತಮ್ಮದೇ ಗೋಡೆ. ಬೀದಿಯಲ್ಲೇ ಬೆಳೆದಂತಿದ್ದ ಹೆಂಗಸು ಅವೆರಡು ಗೋಡೆಗಳನ್ನು ನೋಡುತ್ತ ಮಲಗಿದಳು. ಸುಣ್ಣದ ಬಿರುಕುಗಳಿಗೆಲ್ಲ ಹೆಸರಿಟ್ಟು ಮುಗಿಸಿದಳು. ಒಂದು ಭಾನುವಾರ ಅವನು ತನ್ನ ಹಳೆಯ ಮರದ ಕ್ಯಾಮೆರಾ ಒರೆಸುತ್ತ ಕೂತಿದ್ದ. ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ತಂದದ್ದು. ತಿದಿಯಂತೆ ಹಿಗ್ಗಿ ಕುಗ್ಗುವ ಚರ್ಮ, ತಲೆಗೆ ಮುಸುಕು ಹಾಕಿಕೊಂಡು ನೋಡುವ ಗಾಜು. ಎರಡು ಅಂಗೈ ಜೋಡಿಸಿದಷ್ಟು ದೊಡ್ಡ ಫಿಲ್ಮಿನ ಹಾಳೆ ಹಿಡಿಯುತ್ತಿತ್ತು. ರಜದ ದಿನ ಅದನ್ನು ಹೊತ್ತು ಹೋಗಿ ಒಂದು ಸೇತುವೆಯನ್ನೋ ಮರವನ್ನೋ ತೆಗೆದು, ಫಿಲ್ಮನ್ನು ಕಾಗದದ ಮೇಲೆ ನೇರ ಒತ್ತಿ ಅಷ್ಟೇ ಅಳತೆಯ ಚಿತ್ರ ಮಾಡಿ ಇಟ್ಟುಕೊಳ್ಳುವುದು, ಅವನಿಗಿದ್ದ ಚಟ ಅದೊಂದೇ.

"ರೀ," ಎಂದಳು ಅವಳು, "ಅದರಲ್ಲಿ ನಮ್ಮ ಬೀದೀನ ಹಿಡಿದು ತಂದು ಈ ಗೋಡೆಗೆ ಹಾಕೋಕೆ ಆಗಲ್ವಾ? ಬಸ್‌ಸ್ಟಾಪಿಂದ ನನ್ನ ಅಂಗಡೀವರೆಗೆ."

"ಫ್ರೇಮ್ ಹಾಕಿಸಿ ಕೊಡ್ತೀನಿ."

"ಫ್ರೇಮ್ ಯಾರಿಗೆ ಬೇಕು? ಗೋಡೆ ತುಂಬ. ಯಾರು ಯಾವ ಅಂಗಡಿ ಮುಂದೆ ಹರಟೆ ಹೊಡೀತಾ ನಿಂತಿದಾರೆ ಅಂತ ನನಗೆ ಮಲಗಿದಲ್ಲೇ ಕಾಣಬೇಕು. ಕಾರ್ಡಿನಷ್ಟು ಪಟದಲ್ಲಿ ನೋಡೋಕೆ ನಾನೇನು ಪರದೇಶಕ್ಕೆ ಹೋಗಿದೀನಾ?"

ಮಲಗಿದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಬೀದಿಯ ಎದುರಿಗಿದ್ದ ವಸತಿಗೃಹದ ಮಾಳಿಗೆ ಹತ್ತಿದ. ಬಸ್‌ಸ್ಟಾಪು ಎಡಕ್ಕೆ, ಅವಳ ಅಂಗಡಿ ಬಲತುದಿಗೆ. ಅವಳ ಅಂಗಡಿಯಲ್ಲಿ ಈಗ ಪ್ಲಾಸ್ಟಿಕ್ ಸಾಮಾನು ಮಾರುವವನಿದ್ದ. ಬಾಗಿಲ ಮುಂದೆ ಬಕೆಟ್ಟು, ಚೊಂಬು, ಕುರ್ಚಿ ನೇತುಹಾಕುತ್ತಿದ್ದ. ಆತ ಬೆಳಿಗ್ಗೆ ತಡವಾಗಿ ಬರುವವನೆಂದು ವಿಚಾರಿಸಿಕೊಂಡು, ಉಳಿದ ಅಂಗಡಿಗಳು ತೆರೆದು ಅದೊಂದು ಮುಚ್ಚಿರುವ ಹೊತ್ತು ನೋಡಿ ಫೋಟೋ ತೆಗೆದ. ಬಕೆಟ್ಟುಗಳನ್ನು ತಪ್ಪಿಸಿದ್ದಾಯಿತು. ಮೇಲಿನ ಹೊಸ ಬೋರ್ಡನ್ನು ಏನು ಮಾಡುವುದು? ಮೂಲೆಯಲ್ಲಿದೆ, ಸಾಸಿವೆ ಕಾಳಿನಷ್ಟಿದೆ, ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡ.

ಫಿಲ್ಮು ತೊಳೆದು, ಅದೇ ಅಳತೆಯ ಚಿತ್ರ ಮಾಡಿ ತಂದುಕೊಟ್ಟ. ಅವಳು ಅದನ್ನು ಮೂಗಿನ ತುದಿಗೆ ಹಿಡಿದು ನೋಡಿದಳು.

"ನನ್ನ ಅಂಗಡಿ ಹೆಸರುಕಾಳಿನಷ್ಟಿದೆ. ಬಾಗಿಲು ಹಾಕ್ಕೊಂಡು ಕೂತಿದೆ ಪಾಪ, ನನಗೆ ಕಾಯ್ತಾ." ಚಿತ್ರವನ್ನು ಎದೆಯ ಮೇಲಿಟ್ಟುಕೊಂಡಳು. "ಇನ್ನು ದೊಡ್ಡದು ಮಾಡಿ."

ಅಲ್ಲಿಂದ ಎನ್‌ಲಾರ್ಜರಿನ ಹುಡುಕಾಟ ಶುರುವಾಯಿತು. ಫಿಲ್ಮಿನ ಹಿಂದೆ ದೀಪ ಇಟ್ಟು, ಮುಂದೆ ಲೆನ್ಸ್ ಇಟ್ಟು, ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ ಅದು. ಫಿಲ್ಮು ಎಷ್ಟು ದೊಡ್ಡದೋ ಯಂತ್ರವೂ ಅಷ್ಟು ದೊಡ್ಡದಿರಬೇಕು. ಮೊದಲು ಅವನು ಹೋದದ್ದು ಪಾಸ್‌ಪೋರ್ಟ್ ಮಾಮನ ಹತ್ತಿರ. ಹಳೆಯ ಸ್ಟುಡಿಯೋದವರು, ಮದುವೆ ಫೋಟೋ ಕೇಳಿದರೂ ಕುತ್ತಿಗೆವರೆಗೆ ತೆಗೆದುಕೊಡುತ್ತಾರೆಂದು ಆ ಹೆಸರು. ಅವರು ತಮ್ಮ ಎನ್‌ಲಾರ್ಜರಿನ ಮೇಲಿನ ಬಟ್ಟೆ ಸರಿಸಿ ತೋರಿಸಿದರು.

"ಇದರ ಬಾಯಿ ನೋಡು. ಬೆಂಕಿಪೊಟ್ಟಣ ಹೋದರೆ ಹೆಚ್ಚು. ನಿನ್ನ ಫಿಲ್ಮು ನೋಡಿದ್ರೆ ಊಟದ ತಟ್ಟೆ. ಆನೆಗೆ ಇಲಿಯ ಅಂಗಿ ತೊಡಿಸ್ತೀಯೇನಯ್ಯ?"

"ದೊಡ್ಡದು ಎಲ್ಲಾದ್ರೂ?"

"ನಿಂತುಹೋದ ಪತ್ರಿಕೆಯವರ ಗೋದಾಮಿನಲ್ಲಿ ಒಂದಿತ್ತು. ಇಲಿ ತಿಂದಿರದಿದ್ರೆ ಇರಬಹುದು."

ಇತ್ತು. ಎರಡಾಳೆತ್ತರದ ಕಬ್ಬಿಣದ ಕಂಬಕ್ಕೆ ಪೆಟ್ಟಿಗೆಯಂಥ ತಲೆ. ಅವನ ಫಿಲ್ಮನ್ನು ನುಂಗುವಷ್ಟು ದೊಡ್ಡ ಬಾಯಿ. ಕಂಡಕೂಡಲೇ ಎದೆ ಹಿಗ್ಗಿತು. ಹತ್ತಿರ ಹೋಗಿ ಮುಟ್ಟಿದಾಗ ಇಳಿಯಿತು. ಬೆಳಕನ್ನು ಒಟ್ಟುಮಾಡುವ ದಪ್ಪ ಗಾಜು ಸೀಳಿತ್ತು. ಲೆನ್ಸನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಕಂಬ ಅವನ ಮನೆಯ ಸೂರಿಗಿಂತ ಎತ್ತರ. ಅಲ್ಲದೆ ಹಾಗೆ ನೆಟ್ಟಗೆ ನಿಲ್ಲಿಸಿ ಕೆಳಕ್ಕೆ ಬೆಳಕು ಬಿಟ್ಟರೆ ಮೇಜಿನಷ್ಟು ಚಿತ್ರ ಬಂದೀತು, ಗೋಡೆಯಷ್ಟು ಬರುವುದಿಲ್ಲ. ಮುದ್ರಣಾಲಯದಲ್ಲೂ ಒಂದು ದಾರಿಯಿತ್ತು: ತನ್ನ ಆ ಉದ್ದ ಕ್ಯಾಮೆರಾವನ್ನೇ ತಿರುಗುಮುರುಗು ಮಾಡಿ, ಹಿಂದೆ ದೀಪ ಕೂಡಿಸಿ ಎನ್‌ಲಾರ್ಜರ್ ಮಾಡುವುದು. ಆದರೆ ಅದು ದಿನವೂ ಅನ್ನ ಕೊಡುತ್ತಿದ್ದ ಯಂತ್ರ, ಅಲ್ಲಾಡಿಸುವಂತಿರಲಿಲ್ಲ. ಅಳೆದೂ ಸುರಿದೂ ಕೊನೆಗೆ ಗೋದಾಮಿನ ಯಂತ್ರದ ತಲೆಯನ್ನಷ್ಟೇ ಕಂಬದಿಂದ ಬಿಚ್ಚಿಸಿಕೊಂಡು ಕೈಗಾಡಿಯಲ್ಲಿ ಮನೆಗೆ ತಂದ. ಅಡ್ಡ ಮಲಗಿಸಿ, ಕೋಣೆಯ ಈ ಕೊನೆಯಿಂದ ಆ ಕೊನೆಯ ಗೋಡೆಗೆ ಬೆಳಕು ಬಿಡುವುದೆಂದು ನಿಶ್ಚಯಿಸಿದ.

ಸೀಳಿದ ಗಾಜು ಕೈಬಿಟ್ಟ. ತಗಡಿನ ಡಬ್ಬಿಗೆ ಒಳಗೆಲ್ಲ ಬಿಳಿ ಬಣ್ಣ ಬಳಿದು, ಸುತ್ತ ಬಲ್ಬುಗಳನ್ನು ಕೂಡಿಸಿ, ಮುಂದೆ ಹಾಲುಗಾಜು ಹಾಕಿದ. ಬೆಳಕು ಮಂದವಾದರೂ ಒಂದೇ ಸಮ ಹರಡಿತು. ಕಾವಿಗೆ ಫಿಲ್ಮು ಉಬ್ಬಿ ನಡುವೆ ಗುಳ್ಳೆಯಂತೆ ಎದ್ದಿತು; ಎರಡು ಗಾಜಿನ ನಡುವೆ ಸಿಕ್ಕಿಸಿದ. ಡಬ್ಬಿಯ ಬೆನ್ನಿಗೆ ತೂತು ಕೊರೆದು ಗಾಳಿ ಆಡುವಂತೆ ಮಾಡಿದ, ತೂತಿನಿಂದ ಬೆಳಕು ಸೋರಿತು, ಅದಕ್ಕೆ ತಗಡಿನ ಮರೆ ಕಟ್ಟಿದ. ಒಂದನ್ನು ಸರಿಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು. ಅವಳು ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದಳು. ದಿನ ಕಳೆಯಲು ಅವಳಿಗೂ ಒಂದು ಕೆಲಸ ಸಿಕ್ಕಿದಂತಾಗಿತ್ತು.

ತೊಡಕಾದದ್ದು ಯಂತ್ರವನ್ನು ಯಾವುದರ ಮೇಲೆ ಇಡುವುದೆಂಬುದರಲ್ಲಿ. ಮೇಜಿನ ಮೇಲಿಟ್ಟರೆ ಯಾರಾದರೂ ಕೋಣೆಯಲ್ಲಿ ನಡೆದರೂ ಗೋಡೆಯ ಮೇಲಿನ ಬೀದಿ ನಡುಗುತ್ತಿತ್ತು. ಇಟ್ಟಿಗೆ ಪೇರಿಸಿ ನೋಡಿದ, ಎತ್ತರ ಹೊಂದಲಿಲ್ಲ. ಭಾರದ, ಅಲುಗದ, ಸೊಂಟದೆತ್ತರದ ಏನಾದರೂ ಬೇಕಿತ್ತು. ಅಂಥದ್ದು ಮನೆಯಲ್ಲಿ ಒಂದೇ ಇತ್ತು, ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಅವನು ಅತ್ತ ನೋಡದೆ ಇರಲು ಪ್ರಯತ್ನಿಸುತ್ತಿದ್ದ. ಅವಳೇ ಹೇಳಿದಳು.

"ಆ ಮಿಷನ್ ಬಿಚ್ಚಿ ಕೆಳಗಿಡಿ. ಸ್ಟ್ಯಾಂಡ್ ಎರಕದ ಕಬ್ಬಿಣ, ಭೂಕಂಪ ಆದ್ರೂ ಅಲ್ಲಾಡಲ್ಲ."

"ಬೇಡ ಇರಲಿ. ಬೇರೆ ಏನಾದ್ರೂ ನೋಡ್ತೀನಿ."

"ಏನು ನೋಡ್ತೀರಿ? ಅಂಗಡೀಲಿ ಮೋಟರ್ ಮಿಷನ್ ಇದೆಯಲ್ಲ. ಎದ್ದಮೇಲೆ ನನಗೆ ಅದೊಂದೇ ಸಾಕು. ಇನ್ನು ತುಳಿಯೋದು ಬೇಡ ಅಂತ ಡಾಕ್ಟರೂ ಹೇಳ್ತಾರೆ ನೋಡಿ ಬೇಕಾದ್ರೆ."

ನಾದಿನಿ ಬಾಗಿಲಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದಳು. ಅವನು ಅವಳ ಮುಖ ನೋಡಿದ, ಅವಳು ನೆಲ ನೋಡಿದಳು. ಹೇಳಬೇಕಾದರೆ ಆ ಗಳಿಗೆಯಲ್ಲೇ ಹೇಳಬೇಕಿತ್ತು. ಅವನು ಸ್ಪ್ಯಾನರ್ ತೆಗೆದುಕೊಂಡು ಮೊಣಕಾಲೂರಿ ಕೂತ. ಎಣ್ಣೆ ಒಣಗಿ ಬೋಲ್ಟು ಕಚ್ಚಿಕೊಂಡಿದ್ದವು. ಒಂದು ಸಡಿಲವಾದಾಗ ಕಿರ್ರೆಂದಿತು. "ಮೆತ್ತಗೆ! ನನ್ನ ಅಮ್ಮನ ಕಾಲದ್ದು" ಎಂದು ಮಂಚದ ಮೇಲಿಂದ ಗದರಿದಳು. ಮಿಷನ್ನಿನ ತಲೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ಸರಿಸಿದ. ಆಮೇಲೆ ಬಚ್ಚಲಿಗೆ ಹೋಗಿ, ಕೈಗೆ ಹತ್ತಿದ ಎಣ್ಣೆ ಹೋದ ಮೇಲೂ ತೊಳೆಯುತ್ತಲೇ ನಿಂತಿದ್ದ.

ಸ್ಟ್ಯಾಂಡಿನ ಮೇಲೆ ಯಂತ್ರ ಕೂತಿತು. ಅದು ಅವಳ ತಲೆಯ ಹಿಂದೆ, ಗೋಡೆ ಅವಳ ಕಾಲ ಮುಂದೆ, ನಡುವೆ ಮಂಚ. ಇನ್ನು ಫಿಲ್ಮು, ಲೆನ್ಸು, ಗೋಡೆ ಮೂರೂ ಒಂದಕ್ಕೊಂದು ಸಮನಾಗಿ ನಿಲ್ಲಬೇಕು. ಕೂದಲೆಳೆಯಷ್ಟು ವಾರೆಯಾದರೂ ಒಂದು ಬದಿ ಚೂಪಾಗಿ ಬಂದು ಇನ್ನೊಂದು ಬದಿ ಮಸುಕಾಗುತ್ತದೆ. ಅಳೆಯಲು ಅವಳ ಟೇಪನ್ನೇ ಹಿಡಿದರು. ಗೋಡೆಯ ನಾಲ್ಕು ಮೂಲೆಗೂ ಅವನು ಒಂದು ತುದಿ ಒತ್ತಿಹಿಡಿಯುತ್ತಿದ್ದ, ಅವಳು ತಲೆಯ ಹಿಂದೆ ಕೈ ಚಾಚಿ ಲೆನ್ಸಿನ ಬಳಿ ಇನ್ನೊಂದು ತುದಿ ಹಿಡಿದು ಅಳತೆ ಓದುತ್ತಿದ್ದಳು.

"ಎಡಭುಜ ಒಂದು ನೂಲು ಇಳಿದಿದೆ. ಗೂನು ಬೆನ್ನಿನ ಗಿರಾಕಿ ಇದು" ಅನ್ನುತ್ತಿದ್ದಳು. ಆ ವಾರ ಅವಳು ನಗುನಗುತ್ತಲೇ ಇದ್ದಳು. ಟೇಪು ಹಿಡಿದ ಬೆರಳುಗಳು ಒಮ್ಮೊಮ್ಮೆ ಸೋತು ಬಿಟ್ಟುಬಿಡುತ್ತಿದ್ದವು. "ಕೈ ಚಾಚಿ ಚಾಚಿ ಜೋಮು ಹಿಡೀತು" ಅಂದಳು. ಅವನಿಗೆ ಡಾಕ್ಟರು ಹೇಳಿದ್ದು ನೆನಪಾಯಿತು. ಟೇಪಿನ ತುದಿಯನ್ನು ಮತ್ತೆ ಅವಳ ಬೆರಳಿಗೆ ಸಿಕ್ಕಿಸಿದ.

ಲೆನ್ಸನ್ನು ಪಾಸ್‌ಪೋರ್ಟ್ ಮಾಮ ಕೊಟ್ಟಿದ್ದರು. ಮುಖದ ಫೋಟೋ ತೆಗೆಯುವ ಹಿತ್ತಾಳೆಯ ಹಳೆ ಲೆನ್ಸ್. ಒಂದು ಮಧ್ಯಾಹ್ನ ಕಿಟಕಿಗೆ ರಟ್ಟು ಬಡಿದು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ದೀಪ ಹಾಕಿದ. ಬೆಳಕು ಅವಳ ಮೇಲಿಂದ ಹಾದು ಹೋಗಿ ಗೋಡೆಯ ಮೇಲೆ ಬೀದಿ ತೆರೆದುಕೊಂಡಿತು. ಫಿಲ್ಮಿನಲ್ಲಿರುವಂತೆಯೇ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು.

"ಅಯ್ಯೋ, ಎಲ್ಲರಿಗೂ ಒಂದೇ ದಿನ ತಲೆ ನೆರೆತಿದೆ! ಆ ಸೈಕಲ್ ಅಂಗಡಿಯವನ ಮೀಸೆ ನೋಡಿ, ಹಾಲು ಕುಡಿದಂಗಿದೆ." ನಕ್ಕಳು. ಆಮೇಲೆ ಬಲಕ್ಕೆ ಹುಡುಕಿದಳು. "ನನ್ನ ಅಂಗಡಿ ಎಲ್ಲಿ?"

ಬಲಮೂಲೆಯಲ್ಲಿ ಏನೂ ಇರಲಿಲ್ಲ. ನಡುವೆ ಚೆನ್ನಾಗಿದ್ದ ಚಿತ್ರ ಬದಿಗೆ ಹೋಗುತ್ತ ಮಸುಕಾಗಿ, ಮೂಲೆಗಳಲ್ಲಿ ಕತ್ತಲಲ್ಲಿ ಕರಗಿಹೋಗಿತ್ತು. ಮುಖ ತೆಗೆಯುವ ಲೆನ್ಸಿನ ಗುಣವೇ ಅದು. ನಡುವಿನ ಮುಖ ಸಿಕ್ಕಿದರೆ ಸಾಕು, ಸುತ್ತಲಿನದರ ಗೊಡವೆ ಇಲ್ಲ. ಒಂದು ತುಂಡು ಫೋಟೋ ಕಾಗದ ಆ ಮೂಲೆಗೆ ಹಿಡಿದು ಚಿತ್ರ ಮಾಡಿ ನೋಡಿದ. ಬೆಳಕು ತಲುಪದ ಕಡೆ ಕಾಗದ ಬೆಳ್ಳಗೇ ಉಳಿಯುತ್ತದೆ. ಅಂಗಡಿ ಮಂಜಿನಲ್ಲಿ ನಿಂತಂತೆ ಬಂತು. ಬೋರ್ಡಿನ ಅಕ್ಷರ ದೇವರಿಗೂ ಓದಲಾಗುತ್ತಿರಲಿಲ್ಲ.

ಅವನ ಎದೆ ಹಗುರಾಯಿತು. ಹೀಗೇ ಮಾಡಿ ಅಂಟಿಸಿಬಿಟ್ಟರೆ ಅವಳಿಗೆ ಬೀದಿಯೂ ಸಿಕ್ಕಿತು, ಇವನ ಸುಳ್ಳೂ ಉಳಿಯಿತು.

ಅವಳು ಆ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ತೋಳಿಲ್ಲದ ಅಂಗಿ ಹೊಲಿದುಕೊಟ್ಟ ಹಾಗಾಯ್ತು" ಎಂದಳು. ಆಮೇಲೆ, "ರೀ, ಇದಕ್ಕಿಂತ ಒಳ್ಳೇ ಲೆನ್ಸೇ ಇಲ್ವಾ?"

"ಇಲ್ಲ" ಎಂದ.

ಹೇಳಿ ನಾಲಿಗೆ ಕಚ್ಚಿಕೊಂಡ. ಇತ್ತು. ಮುದ್ರಣಾಲಯದ ಅವನ ಮೇಜಿನ ಡ್ರಾಯರಿನಲ್ಲೇ ಇತ್ತು, ಭೂಪಟ ತೆಗೆಯುವ ಲೆನ್ಸ್. ಮೂಲೆಯ ಅಕ್ಷರವನ್ನೂ ನಡುವಿನ ಅಕ್ಷರದಷ್ಟೇ ನೇರ, ಅಷ್ಟೇ ಚೂಪು ತರುವುದಕ್ಕೆಂದೇ ಮಾಡಿದ್ದು. ಹೊಸದು ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಕೇಳಿದರೆ ಮಾಲೀಕರು ಕೊಟ್ಟೇ ಕೊಡುತ್ತಿದ್ದರು. ಅವಳ ರೋಗದ ವಿಷಯದಲ್ಲಿ ಸುಳ್ಳು ಹೇಳಿದ್ದ, ಅಂಗಡಿಯ ವಿಷಯದಲ್ಲಿ ಹೇಳಿದ್ದ. ಅವಕ್ಕೆಲ್ಲ ಅವಳಿಗಾಗಿ ಎಂಬ ಸಮಾಧಾನವಿತ್ತು. ತನ್ನ ಕೆಲಸದ ವಿಷಯದಲ್ಲಿ ಅವನು ಹೇಳಿದ ಮೊದಲನೇ ಸುಳ್ಳು ಇದು. ಕೆಲವು ದಿನ ಹಾಗೇ ಓಡಾಡಿದ. ಡಾರ್ಕ್‌ರೂಮಿನಲ್ಲಿ ಡ್ರಾಯರ್ ಎಳೆದು ನೋಡಿ ಮತ್ತೆ ಮುಚ್ಚುತ್ತಿದ್ದ. ಮನೆಯಲ್ಲಿ ಅವಳು ಆ ಮಸುಕು ತುಂಡನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ದೂರಲಿಲ್ಲ. "ಇರಲಿ ಬಿಡಿ, ಅಷ್ಟಾದ್ರೂ ಬಂತಲ್ಲ" ಅಂದಳು. ಅವನಿಂದ ಆಗುವುದು ಇಷ್ಟೇ ಎಂದು ಅವಳು ನಂಬಿಬಿಟ್ಟಿದ್ದಳು. ಅದನ್ನು ಅವನು ತಡೆಯಲಾರದೆ ಹೋದ. ಒಂದು ಸಂಜೆ ಮಾಲೀಕರನ್ನು ಕೇಳಿ ಲೆನ್ಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ.

ನಾದಿನಿ ಅಡುಗೆಮನೆಯಲ್ಲಿ ತಡೆದು ನಿಲ್ಲಿಸಿದಳು. "ಭಾವ, ಅದರಲ್ಲಿ ಬೋರ್ಡು ಕಾಣಲ್ವಾ?"

"ಕಾಣುತ್ತೆ."

"ಮತ್ತೆ?"

"ಗೊತ್ತಿಲ್ಲಮ್ಮ."

"ಬುದ್ಧಿ ಕೆಟ್ಟಿದೆಯಾ ನಿಮಗೆ? ಕೊನೇ ತುಂಡು ಅಂಟಿಸಬೇಡಿ. ಕಾಗದ ಮುಗೀತು ಅನ್ನಿ, ಕೆಟ್ಟೋಯ್ತು ಅನ್ನಿ, ಏನಾದ್ರೂ ಅನ್ನಿ."

ಹೂಂ ಎಂದ. ಹಾಗೇ ಮಾಡಬೇಕೆಂದು ಅವನೂ ಅಂದುಕೊಂಡಿದ್ದ.

ಭೂಪಟದ ಲೆನ್ಸಿನಲ್ಲಿ ಬೆಳಕು ಎಷ್ಟು ಕಡಿಮೆ ಬರುತ್ತಿತ್ತೆಂದರೆ ಗೋಡೆಯ ಮೇಲೆ ಏನು ಬಿದ್ದಿದೆ ಎಂದು ಅವಳಿಗೆ ಮಲಗಿದಲ್ಲಿಂದ ತಿಳಿಯುತ್ತಿರಲಿಲ್ಲ. ಅವನು ಗೋಡೆಗೆ ಮೂಗು ತಾಗಿಸಿ, ಭೂತಗನ್ನಡಿ ಹಿಡಿದು ಸರಿಹೊಂದಿಸಿದ. ಕಾಗದ ಸುರುಳಿಯಲ್ಲಿ ಬರುವಂಥದ್ದು. ಗೋಡೆಯೆತ್ತರದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದನ್ನೇ ಗೋಡೆಗೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಿ, ಬೆಳಕಿಗೆ ಒಡ್ಡಬೇಕು. ಒಂದೊಂದು ಪಟ್ಟಿಗೂ ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಯಾರೂ ಅಲುಗುವಂತಿಲ್ಲ. ಬೀದಿಯಲ್ಲಿ ಲಾರಿ ಹೋದರೆ ದೀಪ ಆರಿಸಿ, ಹೋದ ಮೇಲೆ ಮತ್ತೆ ಹಚ್ಚುತ್ತಿದ್ದ. ಕತ್ತಲಲ್ಲಿ ಅವಳು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದಳು.

"ಉಸಿರಾಡು" ಅನ್ನುತ್ತಿದ್ದ ಅವನು. "ಉಸಿರಿಗೆ ಅಲ್ಲಾಡಲ್ಲ."

"ನಿಮ್ಮ ಫೋಟೋ ಕೆಡಿಸಿದೆ ಅನ್ನೋ ಮಾತು ನನಗೆ ಬೇಡ."

ಬೆಳಕು ಕಂಡ ಪಟ್ಟಿಯನ್ನು ಕರಿಬಟ್ಟೆಯಲ್ಲಿ ಸುತ್ತಿ ಬಚ್ಚಲಿಗೆ ಒಯ್ಯುತ್ತಿದ್ದ. ಅಲ್ಲಿ ಉದ್ದಕ್ಕೆ ಸೀಳಿದ ದಪ್ಪ ಪೈಪುಗಳಲ್ಲಿ ಫೋಟೋ ತೊಳೆಯುವ ಔಷಧ ತುಂಬಿಸಿ, ಕೆಂಪು ದೀಪದಲ್ಲಿ ಪಟ್ಟಿಯನ್ನು ಮುಂದಕ್ಕೂ ಹಿಂದಕ್ಕೂ ಸುತ್ತುತ್ತ ತೊಳೆಯುತ್ತಿದ್ದ. ಹುಳಿವಾಸನೆ ಮನೆಯೆಲ್ಲ ಹರಡಿತು. ಎಷ್ಟೋ ಪಟ್ಟಿಗಳು ಕೆಟ್ಟವು. ಒಂದು ಹೆಚ್ಚು ಕಪ್ಪಾಯಿತು, ಒಂದು ನಡುವೆ ಮಡಚಿ ಸೀಳಿತು. ಉಳಿದವನ್ನು ಎಡದಿಂದ ಒಂದೊಂದಾಗಿ ಗೋಡೆಗೆ ಅಂಟಿಸುತ್ತ ಬಂದ. ಬಸ್‌ಸ್ಟಾಪು ಬಂತು. ಕೊಡೆ ಹಿಡಿದ ಹೆಂಗಸು ಬಂದಳು. ಸೈಕಲ್ ಅಂಗಡಿ, ದಿನಸಿ ಅಂಗಡಿ, ಕೂದಲು ಕತ್ತರಿಸುವವನು. ಅವಳು ಒಬ್ಬೊಬ್ಬರನ್ನೇ ಗುರುತಿಸಿ ಮಾತಾಡಿಸಿದಳು. "ದಿನಸಿಯವನ ಅಂಗಿ ನೋಡಿ, ನಾನೇ ಹೊಲಿದದ್ದು. ಜೇಬು ವಾರೆ ಇದೆ ಅಂತ ಜಗಳಕ್ಕೆ ಬಂದಿದ್ದ. ವಾರೆ ಇದೆಯಾ ಹೇಳಿ?"

"ಇಲ್ಲ" ಎಂದ. ನಿಜವಾಗಿಯೂ ಇರಲಿಲ್ಲ. ಜೇಬಿನ ಹೊಲಿಗೆಯ ಸಾಲೂ ಕಾಣುವಷ್ಟು ಚಿತ್ರ ಚೂಪಾಗಿತ್ತು. ಅಂಥ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

ಕೊನೆಯ ಪಟ್ಟಿ ಬಚ್ಚಲಿನ ಹಗ್ಗದ ಮೇಲೆ ಒಣಗಿತು. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅವನು ಅದರ ಮುಂದೆ ನಿಂತ. ಕೆಟ್ಟುಹೋಯಿತು ಅನ್ನಬಹುದಿತ್ತು. ಆ ಮಾತನ್ನು ಬಾಯಲ್ಲಿ ಒಮ್ಮೆ ಆಡಿಸಿಯೂ ನೋಡಿದ. ಒಳಗಿನಿಂದ ಅವಳು ಕೂಗಿದಳು: "ಬಂತಾ?"

"ಬಂತು" ಎಂದ.

ಅಂಟು ಬಳಿದು, ಪಟ್ಟಿಯ ಅಂಚಿಗೆ ಅಂಚು ಕೂಡಿಸಿ, ಬಟ್ಟೆಯಿಂದ ಒತ್ತಿ ಒತ್ತಿ ಗುಳ್ಳೆ ಬಿಡಿಸಿದ. ಬೆನ್ನು ಅವಳ ಕಡೆಗಿತ್ತು. ಒತ್ತುವುದು ಮುಗಿದರೂ ಒತ್ತುತ್ತಲೇ ಇದ್ದ. ಕಡೆಗೆ ಪಕ್ಕಕ್ಕೆ ಸರಿದು, ಕಿಟಕಿಯ ರಟ್ಟು ಕಿತ್ತ. ಹಗಲು ಕೋಣೆಯೊಳಗೆ ಬಂತು.

ಅವಳ ಕಣ್ಣು ಎಡದಿಂದ ಬೀದಿಯುದ್ದಕ್ಕೂ ಹಾದು ಕೊನೆಯ ಅಂಗಡಿಗೆ ಬಂತು.

"ನನ್ನ ಬೋರ್ಡೆಲ್ಲಿ?"

ಅವನು ಅಂಟಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದ.

"ಪ್ಲಾಸ್ಟಿಕ್ ಸಾಮಾನುಗಳು ಅಂತ ಇದೆಯಲ್ರೀ. ಅದು ಯಾರದು?"

"ಹೊಸಬರದು."

"ಮಿಷನ್?"

ಅದೂ ಇಲ್ಲವೆಂದು ಅವನು ತಲೆಯಾಡಿಸಿದ.

"ಮೇಜೂ ಇಲ್ವಾ?"

"ಇಲ್ಲ."

"ಯಾವಾಗ ಖಾಲಿ ಮಾಡಿದ್ರಿ?"

"ಆಸ್ಪತ್ರೆಯಿಂದ ಬಂದ ಮೇಲೆ. ಆ ತಿಂಗಳೇ."

ಅವಳು ಮನಸ್ಸಿನಲ್ಲೇ ತಿಂಗಳುಗಳ ಲೆಕ್ಕ ಹಾಕಿದಳು. "ಅಂದ್ರೆ ನಾನು ಏಳಲ್ಲ ಅಂತ ನಿಮಗೆ ಆವತ್ತೇ ಗೊತ್ತಿತ್ತು."

ಅವಳ ಕೈ ಹೊದಿಕೆಯ ಮೇಲೆ ಏನನ್ನೋ ಹುಡುಕುವಂತೆ ಆಡುತ್ತಿತ್ತು. "ಮನೇ ಮಿಷನ್ನೂ ನಾನೇ ಬಾಯಾರೆ ಹೇಳಿ ಬಿಚ್ಚಿಸಿದೆ. ನೀವು ಸುಮ್ನೆ ಕೂತು ಬಿಚ್ಚಿದ್ರಿ."

"ಹೇಳೋಣ ಅಂತಿದ್ದೆ."

"ಫೋಟೋ ಚೆನ್ನಾಗಿ ಬಂದಿದೆ" ಎಂದಳು. ಆಮೇಲೆ, "ನನ್ನನ್ನ ಆ ಕಡೆ ತಿರುಗಿಸಿ" ಎಂದಳು.

ಸೊಂಟಕ್ಕೂ ಭುಜಕ್ಕೂ ಕೈ ಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ಮಲಗಿಸಿದ. ಪಕ್ಕದ ಮನೆಯ ಗೋಡೆ ನೋಡುತ್ತ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಏನಾದರೂ ಮಾಡಲು ಇರುತ್ತಿತ್ತು.

ನಾದಿನಿ ಮಾರನೆಯ ದಿನ ಬಂದು ಗೋಡೆ ನೋಡಿ, ಅವನನ್ನು ನೋಡಿ, ಅಕ್ಕನ ಮೈ ಒರೆಸಿ ಹೋದಳು. ಅವನ ಜೊತೆ ಅವಳು ಮತ್ತೆ ಸರಿಯಾಗಿ ಮಾತಾಡಲೇ ಇಲ್ಲ.

ಹೆಂಡತಿಗೆ ಮೊದಲೆಲ್ಲ ದಿನಕ್ಕೆರಡು ಸಲ ಕಾಲು ಮಡಚಿ ಬಿಡಿಸುವ ವ್ಯಾಯಾಮ ಮಾಡಿಸಬೇಕಿತ್ತು; ತಪ್ಪಿಸಿದರೆ ಬಯ್ಯುತ್ತಿದ್ದಳು. ಈಗ ಅವನು ಕಾಲು ಹಿಡಿದರೆ, "ಯಾಕೆ ಸುಮ್ನೆ?" ಅನ್ನುತ್ತಿದ್ದಳು. ಅವನು ಮಾಡಿಸುತ್ತಿದ್ದ. ಅವಳ ಊಟ ಇಳಿಯಿತು. ಜೋಮು ಕೈಗೆ ಏರಿತು, ಚಮಚ ಹಿಡಿಯುವುದು ನಿಂತಿತು. ಒಂದು ದಿನ ಅವನು, "ಗೋಡೆಯದನ್ನ ಕಿತ್ತುಬಿಡ್ಲಾ?" ಎಂದು ಕೇಳಿದ.

"ಕಿತ್ತರೆ ಅಂಗಡಿ ವಾಪಸು ಬರುತ್ತಾ?"

ಬರುವುದಿಲ್ಲ. ಚಿತ್ರ ಹಾಗೇ ಉಳಿಯಿತು. ಕೆಲವು ವಾರಗಳಾದ ಮೇಲೆ ಅವಳೇ ಇತ್ತ ತಿರುಗಿಸಲು ಹೇಳಿದಳು. ಕಣ್ಣೂ ಮಂಜಾಗುತ್ತ ಬಂದಿತ್ತು. "ಯಾರ್ಯಾರಿದಾರೆ ಓದಿ ಹೇಳಿ" ಎಂದಳು. ಅವನು ಗೋಡೆಯ ಪಕ್ಕ ನಿಂತು ಎಡದಿಂದ ಒಂದೊಂದೇ ಬೋರ್ಡು ಓದಿದ. ಕೂದಲು ಕತ್ತರಿಸುವವನ ಅಂಗಡಿ ದಾಟಿ ನಿಲ್ಲಿಸಿದ.

"ಮುಂದೆ?"

"ಮುಗೀತು."

"ಇನ್ನೂ ಸುಳ್ಳು ಹೇಳ್ತೀರಾ?"

"ಪ್ಲಾಸ್ಟಿಕ್ ಸಾಮಾನುಗಳು" ಎಂದು ಓದಿದ.

"ಹೂಂ. ಆ ಜಾಗಕ್ಕೆ ಬಿಸಿಲು ಹೊಡೆಯುತ್ತೆ. ಮಧ್ಯಾಹ್ನದ ಮೇಲೆ ಹೊರಗೆ ಇಟ್ರೆ ಬಕೆಟ್ಟೆಲ್ಲ ಬಣ್ಣ ಹೋಗುತ್ತೆ. ಅವನಿಗೆ ಹೇಳಿ."

ಅವನು ಹೋಗಿ ಹೇಳಿದ. ಅಂಗಡಿಯವನಿಗೆ ಇವನ್ಯಾರೆಂದು ತಿಳಿಯಲಿಲ್ಲ, ಆಯ್ತು ಎಂದ. ಬಕೆಟ್ಟುಗಳು ಹೊರಗೇ ನೇತಾಡಿದವು. ಹೇಳಿದೆ ಎಂದು ಬಂದು ಹೇಳಿದ. ಅವಳು ತಲೆಯಾಡಿಸಿದಳು. ಅವರಿಬ್ಬರ ನಡುವೆ ಆಮೇಲೆ ನಡೆದ ಮಾತೆಲ್ಲ ಹೆಚ್ಚುಕಡಿಮೆ ಅಷ್ಟರದೇ. ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಉಸಿರಾಟಕ್ಕೂ ಕಷ್ಟವಾಯಿತು. ಒಂದು ಬೆಳಿಗ್ಗೆ ಅವನು ನೀರು ಕುಡಿಸಲು ಹೋದಾಗ ಅವಳು ಹೋಗಿಬಿಟ್ಟಿದ್ದಳು.

ಮುದ್ರಣಾಲಯಕ್ಕೆ ಹೊಸ ಯಂತ್ರ ಬಂದ ಮೇಲೆ ಡಾರ್ಕ್‌ರೂಮನ್ನು ಒಡೆದರು. ಅವನನ್ನು ಕಾಗದದ ಗೋದಾಮಿಗೆ ಹಾಕಿದರು. ಅಲ್ಲಿ ದೊಡ್ಡ ದೊಡ್ಡ ಕಿಟಕಿಗಳು. ಈಗ ಅವನು ಕಣ್ಣು ಪಿಳಿಪಿಳಿ ಬಿಡುವುದಿಲ್ಲ. ಹೊಸಬರಿಗೆ ಅವನ ಅಡ್ಡಹೆಸರು ಯಾಕೆ ಬಂತೆಂದೂ ಗೊತ್ತಿಲ್ಲ. ಮನೆಯಲ್ಲಿ ಮುಂದಿನ ಕೋಣೆಯಲ್ಲೇ ಮಲಗುತ್ತಾನೆ.

ಒಮ್ಮೆ ಪಾಸ್‌ಪೋರ್ಟ್ ಮಾಮ ಗಂಡಹೆಂಡತಿ ಇಬ್ಬರನ್ನು ಕರೆತಂದರು. ಅವರೂ ದೊಡ್ಡ ಫಿಲ್ಮಿನ ಕ್ಯಾಮೆರಾ ಇಟ್ಟುಕೊಂಡವರು, ಎನ್‌ಲಾರ್ಜರ್ ಹುಡುಕುತ್ತಿದ್ದರು. ಹಿಂದಿನ ಕೋಣೆಯ ಬಾಗಿಲು ತೆರೆದುಕೊಟ್ಟ. ಅವರು ಗೋಡೆಯ ಬೀದಿಯನ್ನು ಬೆರಗಿನಿಂದ ನೋಡಿದರು, ಆಮೇಲೆ ಯಂತ್ರದ ಸುತ್ತ ಸುತ್ತಿದರು.

"ಇದನ್ನ ಬಿಚ್ಚಿ ಬೇರೆ ಕಡೆ ಜೋಡಿಸೋಕೆ ಬರುತ್ತಾ?" ಎಂದ ಗಂಡ.

"ಬರುತ್ತೆ. ಆದರೆ ಮತ್ತೆ ಮೊದಲಿನಿಂದ ನೇರ ಮಾಡಬೇಕು. ಇಬ್ಬರು ಬೇಕು."

"ನಮ್ಮ ರೂಮು ಇಷ್ಟು ಉದ್ದ ಇಲ್ಲ" ಎಂದಳು ಹೆಂಡತಿ.

ಯೋಚನೆ ಮಾಡಿ ಬರುತ್ತೇವೆ ಎಂದು ಹೋದರು. ಅವನು ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ಕೋಣೆಯ ಬಾಗಿಲು ಹಾಕಿದ. ಅವರು ಮತ್ತೆ ಬರಲಿಲ್ಲ.